ಉಂಡ್ಯೇನೋ ಎಂದು ಕೇಳುವ ಮಷೀನು

ರಾಘಣ್ಣ ಹಟದ ಮನುಷ್ಯ ಎಂಬುದು ಬಿಬವೇವಾಡಿಯ ಆ ಓಣಿಗೆಲ್ಲ ಗೊತ್ತಿತ್ತು. ಆದರೆ ಒಂದು ಕಂಪ್ಯೂಟರಿನ ಸಲುವಾಗಿ ಈ ಪರಿ ಹಟ ಹಿಡಿದಾನು ಎಂದು ಯಾರೂ ಎಣಿಸಿರಲಿಲ್ಲ. ಅವನ ಹೆಂಡತಿಯ ತಮ್ಮ ಏಕನಾಥನಂತೂ ಎಣಿಸಿರಲೇ ಇಲ್ಲ.

"ಭಾವ, ಸಿಸ್ಟಿಮ್ ಬದಲಿ ಮಾಡೂಣು," ಎಂದು ಏಕನಾಥ ಎಂಬತ್ತೇಳರ ದೀಪಾವಳಿಯಿಂದ ಹೇಳುತ್ತಲೇ ಇದ್ದ.

"ಯಾಕ? ಇದಕ್ಕೇನ ಧಾಡಿ ಆಗೇದ?"

ಧಾಡಿ ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಅಲ್ಲೇ. ಮನೆಯ ಮುಂದಿನ ಕೋಣೆಯಲ್ಲಿ ಕುಳಿತ ಆ ಮಷೀನು ಹಡಪಸರದ ಒಂದು ಕಾರ್ಖಾನೆಯ ಪಗಾರದ ಚೀಟಿಗಳನ್ನು ಮಾಡಿಕೊಡುತ್ತಿತ್ತು, ಇವತ್ತಿಗೂ ತಪ್ಪಿಲ್ಲದೆ ಮಾಡುತ್ತಿತ್ತು. ಆದರೆ ಅದರ ಡಾಸ್ ಹಳೆಯದು. ಡಾಸ್ ಅಂದರೆ ಮಷೀನು ಎಚ್ಚರವಾದೊಡನೆ ಎಲ್ಲಕ್ಕಿಂತ ಮೊದಲು ಏಳುವ ಪ್ರೋಗ್ರಾಂ. ಅಡಿಗೆ ಯಾವುದೇ ಇರಲಿ, ಒಲೆಯಿಲ್ಲದೆ ಆಗದಲ್ಲ, ಹಾಗೆ. ಕಾರ್ಖಾನೆಯವರು ಹೊಸ ಮಷೀನು, ಹೊಸ ಡಾಸ್ ತಂದರು. ಅವರು ಹಾಜರಿಯ ಲೆಕ್ಕ ತುಂಬಿ ಕಳಿಸುವ ಫ್ಲಾಪಿ ತಟ್ಟೆಗಳನ್ನು ಇದರ ಬಾಯಿಗಿಟ್ಟರೆ ಇದು ಗರಗರ ಸದ್ದು ಮಾಡಿ, ನನಗೆ ಓದಲು ಬರುವುದಿಲ್ಲ ಎಂದು ಪರದೆಯ ಮೇಲೆ ಬರೆದು ಸುಮ್ಮನಾಗುತ್ತಿತ್ತು. ಏಕನಾಥ ಹಾಜರಿಯ ಕಾಗದಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ಒಂದೊಂದೇ ಅಂಕಿಯನ್ನು ಕೈಯಿಂದ ತುಂಬಬೇಕಾಗುತ್ತಿತ್ತು. ಕಾರ್ಖಾನೆಯ ಸಾಹೇಬ ಮಾರ್ತಾಂಡ ಜೋಶಿ ಮುಖಕ್ಕೇ ಹೇಳಿಬಿಟ್ಟಿದ್ದ, ಸಿಸ್ಟಿಮ್ ಬದಲಿಸಿ, ಇಲ್ಲವಾದರೆ ಹೋಳಿಯ ನಂತರ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು.

ಇಷ್ಟೆಲ್ಲ ಗೊತ್ತಿದ್ದೂ ರಾಘಣ್ಣ ಯಾಕೆ ಜಗ್ಗಲಿಲ್ಲ ಎಂದರೆ, ಆ ಮಷೀನು ಅವನನ್ನು ದಿನಾ ಊಟ ಆಯಿತೇ ಎಂದು ಕೇಳುತ್ತಿತ್ತು.

ನಗಬೇಡಿ. ಕಥೆ ಹೀಗಿದೆ. ಮಷೀನು ತಂದದ್ದು ಎಂಬತ್ನಾಲ್ಕರಲ್ಲಿ. ತಂದವನು ರಾಘಣ್ಣ, ಆದರೆ ಅದರ ಮುಂದೆ ಕೂತವಳು ಅವನ ಹೆಂಡತಿ ಇಂದೂ. ಗಣಿತ ಓದಿದವಳು, ಧಾರವಾಡದಿಂದ ಮದುವೆಯಾಗಿ ಬಂದವಳು, ಬಾಯಿಯೂ ಚುರುಕು, ಬೆರಳೂ ಚುರುಕು. ಪಗಾರದ ಪ್ರೋಗ್ರಾಂ ಎಲ್ಲ ಅವಳೇ ಬರೆದದ್ದು. ರಾಘಣ್ಣನದು ಹೊರಗಿನ ಓಡಾಟ. ಹೊತ್ತಿಗೆ ಸರಿಯಾಗಿ ಊಟ ಮಾಡಿದ ಮನುಷ್ಯನೇ ಅಲ್ಲ. ಅವನ ತಾಯಿ ಗೌರಾಬಾಯಿ ಇರುವ ತನಕ ಮಧ್ಯಾಹ್ನವಾದೊಡನೆ ಹಿಂದಿನ ಕೋಣೆಯಿಂದ ಒಂದು ಕೂಗು ಬರುತ್ತಿತ್ತು, "ರಾಘೂ, ಉಂಡ್ಯೇನೋ?" ರಾಘಣ್ಣ ಉಣ್ಣದೆಯೇ "ಹೂಂ" ಎನ್ನುತ್ತಿದ್ದ. ಇಂದೂ ಮಷೀನಿನ ಮುಂದೆ ಕೂತು ನಗುತ್ತಿದ್ದಳು.

ಎಂಬತ್ತೈದರ ಮಳೆಗಾಲದಲ್ಲಿ ಗೌರಾಬಾಯಿ ತೀರಿಕೊಂಡಳು. ಮನೆಗೆ ಸೂತಕ. ದೇವರ ಮನೆಯ ಕದ ಮುಚ್ಚಿತು, ಪೂಜೆ ನಿಂತಿತು, ಪೂಜೆಯ ಮೊದಲು ಇಂಥ ಸಂವತ್ಸರ, ಇಂಥ ಮಾಸ, ಇಂಥ ತಿಥಿ ಎಂದು ಹೇಳುವ ಸಂಕಲ್ಪವೂ ನಿಂತಿತು. ಆದರೆ ಕಾರ್ಖಾನೆಯ ಪಗಾರ ನಿಲ್ಲುವುದುಂಟೇ? ರಾಘಣ್ಣ ಬೆಳಿಗ್ಗೆ ಕರ್ಮ ಮಾಡಲು ನದಿಗೆ ಹೋದರೆ ಇಂದೂ ಮಷೀನು ಹಚ್ಚುತ್ತಿದ್ದಳು. ಆ ಮಷೀನಿಗೊಂದು ಮರೆಗುಳಿತನ. ಆರಿಸಿದೊಡನೆ ತಾರೀಖು ಮರೆತುಬಿಡುತ್ತದೆ. ಮತ್ತೆ ಹಚ್ಚಿದಾಗ ಎಂಬತ್ತನೇ ಇಸವಿಯ ಜನವರಿ ಒಂದು ಎಂದು ತೋರಿಸಿ, ಇವತ್ತು ಯಾವ ದಿನ ಎಂದು ಕೇಳುತ್ತದೆ. ಹೇಳಿದರೆ ಸರಿ, ಹೇಳದೆ ಮುಂದೆ ಒತ್ತಿದರೆ ಅದೇ ಜನವರಿ ಒಂದರಲ್ಲಿ ದಿನವೆಲ್ಲ ಕೆಲಸ ಮಾಡುತ್ತದೆ. ಮೊದಲಿನಿಂದಲೂ ಇಂದೂ ಇದಕ್ಕೆ ಮಷೀನಿನ ಸಂಕಲ್ಪ ಎಂದೇ ಹೆಸರಿಟ್ಟಿದ್ದಳು. ದಿನಾ ಬೆಳಿಗ್ಗೆ "ತಡೀರಿ, ಇದಕ್ಕ ಸಂಕಲ್ಪ ಹೇಳಿ ಬರ್ತೀನಿ" ಎನ್ನುವಳು. ಸೂತಕ ಬಂದಾಗ ಅದನ್ನೂ ಬಿಟ್ಟಳು.

"ಮನ್ಯಾಗ ದೇವರಿಗೇ ಇಲ್ಲ, ಇದಕ್ಯಾತರ ಸಂಕಲ್ಪ?" ಎಂದಿದ್ದಳು. ಹಾಸ್ಯವೋ ನೇಮವೋ ಅವಳಿಗೇ ಗೊತ್ತು. ಅಳುತ್ತಿದ್ದ ರಾಘಣ್ಣ ಆ ಮಾತಿಗೆ ಒಮ್ಮೆ ನಕ್ಕಿದ್ದ.

ಆ ಸೂತಕದಲ್ಲೇ ಅವಳು ಆ ಪ್ರೋಗ್ರಾಂ ಮಾಡಿದ್ದು. ಮಷೀನಿಗೆ ಕನ್ನಡ ಬರುತ್ತಿರಲಿಲ್ಲ. ಇಂದೂ ನಕ್ಷತ್ರದಂಥ ಚಿಕ್ಕಿಯ ಗುರುತುಗಳನ್ನು ರಂಗೋಲಿಯ ಚುಕ್ಕಿಗಳಂತೆ ಸಾಲುಸಾಲಾಗಿ ಜೋಡಿಸಿ ಪರದೆ ತುಂಬ ದೊಡ್ಡ ಅಕ್ಷರಗಳನ್ನು ಬಿಡಿಸಿದಳು, "ಉಂಡ್ಯೇನೋ?" ಎಂದು. ಕೊನೆಯ ಅಕ್ಷರದ ಓಕಾರ ತುಸು ಸೊಟ್ಟಗೆ ಬಂದಿತ್ತು. ಹೌದು ಎಂದು ಒತ್ತಿದರೆ ಕೆಲಸ ಶುರು. ಇಲ್ಲ ಎಂದು ಒತ್ತಿದರೆ "ಮೊದಲು ಉಣ್ಣು" ಎಂಬ ಅಕ್ಷರಗಳು ಬಂದು ಮಷೀನು ಮೊಂಡು ಹಿಡಿಯುತ್ತಿತ್ತು.

"ಅವ್ವಾರಂತೂ ಹೋದ್ರು. ಇನ್ನ ನಿಮಗ ಇದ ಕೇಳ್ತದ," ಎಂದಳು ಇಂದೂ.

"ನೀ ಇದ್ದೀಯಲ್ಲ ಕೇಳಲಿಕ್ಕೆ."

"ನಾ ಕೇಳಿದ್ರ ಸುಳ್ಳ ಹೇಳ್ತೀರಿ."

ಮಷೀನಿಗೂ ಅವನು ಸುಳ್ಳೇ ಹೇಳಿದ. ಹೌದು, ಹೌದು, ಹೌದು ಎಂದು ಒತ್ತಿ ಬಸ್ಸು ಹಿಡಿಯಲು ಓಡಿದ. ಮರುವರ್ಷ ಚಳಿಗಾಲದಲ್ಲಿ ಇಂದೂನ ಎದೆಯಲ್ಲಿ ನೋವು ಕಾಣಿಸಿಕೊಂಡಿತು, ಆಸ್ಪತ್ರೆಗೆ ಒಯ್ಯುವ ರಿಕ್ಷಾದಲ್ಲೇ ಎಲ್ಲ ಮುಗಿದುಹೋಯಿತು. ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಅಂದಿನಿಂದ ರಾಘಣ್ಣ ಮಷೀನಿಗೆ ಸುಳ್ಳು ಹೇಳಲಿಲ್ಲ. ಏಕನಾಥ ಬೆಳಿಗ್ಗೆ ತಾರೀಖು ಹಾಕಿ ಕೊಡುತ್ತಿದ್ದ. ಅಕ್ಷರಗಳು ಬಂದೊಡನೆ ರಾಘಣ್ಣ ಎದ್ದು ಹಿಂದಿನ ಕೋಣೆಗೆ ಹೋಗಿ, ಜೋಳದ ಭಕ್ಕರಿಯೋ ನಿನ್ನೆಯ ಅನ್ನವೋ, ನಾಲ್ಕು ತುತ್ತು ಉಂಡು, ಕೈ ತೊಳೆದುಕೊಂಡು ಬಂದು ಹೌದು ಎಂದು ಒತ್ತುತ್ತಿದ್ದ. ಪಗಾರದ ಚೀಟಿ ಒಯ್ಯಲು ಬಂದ ಮರಾಠಿ ಜನ "ಹೇ ಕಾಯ್ ಲಿಹಿಲಂಯ್?", ಇದೇನು ಬರೆದಿದೆ, ಎಂದು ಕೇಳಿದರೆ, ಕಂಪನಿಯ ಹೆಸರು ಎಂದು ಹೇಳಿ ಮಾತು ತೇಲಿಸುತ್ತಿದ್ದ. ಮಕ್ಕಳಿಲ್ಲದ ಮನೆ. ಅವನನ್ನು ಏಕವಚನದಲ್ಲಿ ಮಾತಾಡಿಸುವುದು ಲೋಕದಲ್ಲಿ ಅದೊಂದೇ ಉಳಿದಿತ್ತು.

"ಹೊಸಾ ಡಾಸ್ ಹಾಕಿದ್ರ ಇಂದೂನ ಕೆಲಸ ಹೋಗ್ತದ," ಎಂದು ಕಡೆಗೊಮ್ಮೆ ಅವನು ಬಾಯಿಬಿಟ್ಟ.

ಏಕನಾಥ ತಲೆ ಬಗ್ಗಿಸಿದ. ಸತ್ತವಳು ಅವನ ಅಕ್ಕ, ಎತ್ತಿ ಆಡಿಸಿದ ಅಕ್ಕ. "ಹೋಗೂದಿಲ್ಲ ಭಾವ. ಅಕ್ಕನ್ನ ಫೈಲೆಲ್ಲಾ ಮೊದಲ ಫ್ಲಾಪಿಗೆ ತಕ್ಕೋತೀನಿ. ಡಿಸ್ಕ್ ಪೂರ್ತಿ ಅಳಿಸಿ ಹೊಸಾ ಡಾಸ್ ಹಾಕಿ, ಆಮ್ಯಾಲೆ ತಿರುಗಿ ಇಡ್ತೀನಿ. ನಾ ಅದನ್ನ ಕಳೀತೀನೇನು?"

ಇಂದೂನ ಸ್ವಂತ ಫ್ಲಾಪಿಗೆ ಕಳೆದ ಮಳೆಗಾಲದಲ್ಲಿ ಬೂಜು ಹತ್ತಿ ಹಾಳಾಗಿತ್ತು. ಪ್ರೋಗ್ರಾಂ ಈಗ ಮಷೀನಿನ ಹೊಟ್ಟೆಯಲ್ಲಿ ಮಾತ್ರ ಇತ್ತು. ಅದಕ್ಕೇ ರಾಘಣ್ಣ ಮತ್ತೂ ಕೆಲವು ವಾರ ತಳ್ಳಿದ. ಏಕನಾಥ ಬೆರಳು ನೋಯುವ ತನಕ ಅಂಕಿ ತುಂಬುವುದನ್ನು ನೋಡಿದ. ಹುಡುಗನ ಮದುವೆ ಗೊತ್ತಾಗಿತ್ತು, ಈ ಕೆಲಸವೇ ಅವನ ಅನ್ನ. ಕೊನೆಗೆ ಒಂದು ರವಿವಾರ ಬೆಳಿಗ್ಗೆ, ಮಷೀನಿಗೆ ಹೌದು ಎಂದು ಒತ್ತಿದ ಮೇಲೆ, "ಮಾಡಪಾ," ಎಂದ ರಾಘಣ್ಣ.

ಇಂದೂ ಫೈಲುಗಳಿಗೆ ಇಟ್ಟ ಹೆಸರುಗಳೋ, ಅವಳಿಗೇ ಪ್ರೀತಿ. ಡಾಸ್ ಒಪ್ಪುವ ಎಂಟು ಇಂಗ್ಲಿಷ್ ಅಕ್ಷರದೊಳಗೆ ತುರುಕಲು ಹೋಗಿ ಸ್ವರಗಳನ್ನೆಲ್ಲ ನುಂಗಿಹಾಕಿದ್ದಳು. ಯಾವುದು ಏನೆಂದು ತಿಳಿಯುವಂತಿರಲಿಲ್ಲ. ಹಳೆಯ ಡಾಸಿನ ಫೈಲು ಹೊಸದರಲ್ಲಿ ಬೆರೆತರೆ ಮಷೀನು ಏಳುವುದೇ ಇಲ್ಲ ಎಂಬ ಭಯ ಬೇರೆ. ಏಕನಾಥ ಒಂದು ಉಪಾಯ ಹುಡುಕಿದ. ಪ್ರತಿ ಫೈಲಿನ ಮುಂದೆ ಅದನ್ನು ಬರೆದ ತಾರೀಖು ಇರುತ್ತದಲ್ಲ, ಅದನ್ನು ನೋಡಿ ಆರಿಸುವುದು.

"ಆ ಪ್ರೋಗ್ರಾಂ ಯಾವ ವರ್ಷದ್ದು, ಭಾವ?"

"ಅವ್ವ ಹೋದ ವರ್ಷದ್ದು. ಎಂಬತ್ತೈದು."

"ಹಂಗಾರ ಎಂಬತ್ನಾಲ್ಕರಿಂದ ಈಚೀವು ಎಲ್ಲಾ ತಗೋತೀನಿ. ಒಂದೂ ಬಿಡೂದಿಲ್ಲ."

ರಾಘಣ್ಣ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತ. ಮಸಣದಲ್ಲಿ ಮಡಿಕೆ ಒಡೆದ ಮೇಲೆ ಹಿಂದೆ ತಿರುಗಿ ನೋಡಬಾರದು ಎನ್ನುತ್ತಾರೆ. ಅವನು ಎರಡು ವರ್ಷದಲ್ಲಿ ಎರಡು ಸಲ ಹಾಗೆ ನಡೆದು ಬಂದವನು. ಈಗ ನೋಡಬೇಡ ಎಂದು ಯಾರೂ ಹೇಳಿರಲಿಲ್ಲ, ಅವನಿಗೇ ನೋಡಲಾಗಲಿಲ್ಲ. ಹೊರಗೆ ತರಕಾರಿಯ ರಂಗೂಬಾಯಿ ಮೆಂತ್ಯದ ಕಟ್ಟು ಬಿಚ್ಚಿ ನೀರು ಚಿಮುಕಿಸುತ್ತಿದ್ದಳು.

"ಭಾವ, ಎಂಬತ್ತನೇ ಇಸವೀವು ಒಂದಿಷ್ಟು ಅವ. ಅವನ್ನೇನ್ ಮಾಡ್ಲಿ? ಒಮ್ಮೆ ಬಂದು ನೋಡ್ರಿ."

ರಾಘಣ್ಣ ತಿರುಗಲಿಲ್ಲ. "ಎಂಬತ್ತರಾಗ ಎಲ್ಲಿದ್ದೀತೋ ಈ ಮಷೀನು? ನಿಮ್ಮಕ್ಕ ಆಗ ಇನ್ನೂ ಕಾಲೇಜಿಗೆ ಹೋಗ್ತಿದ್ದಳು. ಕಂಪನಿಯವರು ತುಂಬಿ ಕೊಟ್ಟದ್ದಿದ್ದೀತು, ಬಿಡು."

"ಬಿಟ್ರ ಹೋಗಿಬಿಡ್ತಾವ ನೋಡ್ರಿ."

"ಹೋಗ್ಲಿ ಬಿಡು ಅಂದ್ನೆಲ್ಲ."

ಏಕನಾಥ ಬಿಟ್ಟ. ಡಿಸ್ಕು ಅಳಿಸುವ ಸದ್ದು ಬಹಳ ಹೊತ್ತು ಬಂತು.

ಹೊಸ ಡಾಸ್ ಎದ್ದು ಕೂತಿತು. ಕಾರ್ಖಾನೆಯ ಫ್ಲಾಪಿಯನ್ನು ತಟ್ಟನೆ ಓದಿತು. ಏಕನಾಥನ ಮುಖ ಅರಳಿತು. ಆದರೆ ಅಕ್ಕನ ಅಕ್ಷರಗಳು ಬರಲಿಲ್ಲ. ತಿರುಗಿ ಇಟ್ಟ ಫೈಲುಗಳನ್ನು ಒಂದೊಂದಾಗಿ ನಡೆಸಿ ನೋಡಿದ. ಪಗಾರ ಬಂತು, ಓವರ್‌ಟೈಮ್ ಬಂತು, ಬೋನಸ್ ಬಂತು.

"ಇಲ್ಲೇ ಎಲ್ಲೋ ಅದ ಭಾವ. ಎಲ್ಲಾ ತಗೊಂಡೀನಿ. ನಾಳೆ ಹುಡುಕಿ ಕೊಡ್ತೀನಿ," ಎಂದ. ಅಂದು ರಾತ್ರಿ ರಾಘಣ್ಣ ಉಣ್ಣಲಿಲ್ಲ, ನಾಳೆ ಅದು ಕೇಳಿದ ಮೇಲೆಯೇ ಉಂಡರಾಯಿತು ಎಂದುಕೊಂಡ.

ಮರುದಿನ ಏಕನಾಥ ಬೆಳಿಗ್ಗೆಯೇ ಹಡಪಸರಕ್ಕೆ ಹೋದ. ರಾಘಣ್ಣ ಸ್ನಾನ ಮುಗಿಸಿ, ದೇವರ ಮುಂದೆ ಸಂಕಲ್ಪ ಹೇಳಿ ಪೂಜೆ ಮಾಡಿ, ಹಣೆಯ ಅಂಗಾರ ಅಕ್ಷತೆ ಹಸಿಯಿರುವಾಗಲೇ ಬಂದು ತಾನೇ ಮಷೀನು ಹಚ್ಚಿದ. ಎಷ್ಟೋ ತಿಂಗಳಾಗಿತ್ತು ತಾನಾಗಿ ಹಚ್ಚಿ. ಪರದೆ ಬೆಳಗಿತು. ಹೊಸ ಡಾಸಿಗೂ ಅದೇ ಮರೆಗುಳಿತನ. ಇವತ್ತು ಎಂಬತ್ತನೇ ಇಸವಿ, ಜನವರಿ ಒಂದು. ಸರಿಯಾದ ತಾರೀಖು ಹೇಳು.

ರಾಘಣ್ಣನ ಬೆರಳು ಕೀಲಿಯ ಮೇಲೆ ಹೋಯಿತು, ಅಲ್ಲೇ ನಿಂತಿತು.

ಎಂಬತ್ತನೇ ಇಸವಿ. ಮನ್ಯಾಗ ದೇವರಿಗೇ ಇಲ್ಲ, ಇದಕ್ಯಾತರ ಸಂಕಲ್ಪ.

ಅಯ್ಯೋ ದೇವರೇ. ಅವಳು ಆ ದಿನಗಳಲ್ಲಿ ತಾರೀಖು ಹೇಳಿರಲಿಲ್ಲ. ಅವ್ವನ ಸೂತಕದಲ್ಲಿ ಬರೆದದ್ದಕ್ಕೆಲ್ಲ ಮಷೀನು ಎಂಬತ್ತನೇ ಇಸವಿ ಎಂದೇ ಮುದ್ರೆ ಒತ್ತಿತ್ತು. ಬಂದು ನೋಡ್ರಿ ಎಂದು ಹುಡುಗ ಕರೆದಿದ್ದ. ತಿರುಗಿದ್ದರೆ ಸಾಕಿತ್ತು. ತಿರುಗಲಿಲ್ಲ. ಹೋಗ್ಲಿ ಬಿಡು ಎಂದ, ತನ್ನ ಬಾಯಿಂದಲೇ ಎಂದ. ಅವ್ವನ ದನಿಯನ್ನೂ ಹೆಂಡತಿಯ ಕೈಯನ್ನೂ ಒಂದೇ ಮಾತಿನಲ್ಲಿ ಕಳೆದುಕೊಂಡ. ರಾಘಣ್ಣ ಎರಡೂ ಕೈಯಿಂದ ಮಷೀನನ್ನು ಹಿಡಿದುಕೊಂಡು ಅತ್ತ. ಇಂದೂ ಹೋದ ದಿನ ಜನರ ಎದುರಿಗೆ ಅಳಲಾರದೆ ಉಳಿದದ್ದೆಲ್ಲ ಈಗ ಬಂತು.

ಏಕನಾಥ ಮರಳಿದಾಗ ಮಧ್ಯಾಹ್ನವಾಗಿತ್ತು. ಜೋಶಿ ಸಾಹೇಬ ಖುಷಿಯಾಗಿದ್ದಾನೆ, ಇನ್ನೊಂದು ಕಾರ್ಖಾನೆಯ ಕೆಲಸವೂ ಕೊಡಿಸುತ್ತಾನಂತೆ ಎಂದು ಹೇಳುತ್ತ ಒಳಗೆ ಬಂದವನು ಪರದೆ ನೋಡಿದ. ರಾಘಣ್ಣ ತಾರೀಖು ಹಾಕದೆಯೇ ಮುಂದೆ ಒತ್ತಿದ್ದ.

"ಭಾವ, ತಾರೀಖ ಹಾಕಿಲ್ಲಲಾ?"

"ಸೂತಕ ಅದ."

"ಯಾರದು? ಊರಿಂದ ತಂತಿ ಬಂತೇನು?" ಏಕನಾಥ ಗಾಬರಿಯಾದ.

ಏಕನಾಥ ಪರದೆಯ ಮೇಲಿನ ಎಂಬತ್ತು ಎಂಬ ಅಂಕಿಯನ್ನು ನೋಡಿದ, ಭಾವನ ಕೆಂಪು ಕಣ್ಣು ನೋಡಿದ. ಸೂತಕದಲ್ಲಿ ಅಕ್ಕ ಮಷೀನಿಗೆ ಸಂಕಲ್ಪ ಬಿಟ್ಟ ತಮಾಷೆ ಅವನಿಗೂ ಗೊತ್ತಿದ್ದದ್ದೇ, ಅಕ್ಕನೇ ನಗುತ್ತ ಹೇಳಿದ್ದಳು. ಅವನ ಕೈಯಿಂದ ಚೀಲ ಜಾರಿತು.

"ನಾನ ಅಳಿಸಿಬಿಟ್ಟೆ," ಎಂದ. "ಅಕ್ಕನ್ನ ನಾನ ಅಳಿಸಿಬಿಟ್ಟೆ, ಭಾವ."

ಗೋಡೆಗೆ ಒರಗಿ ಕುಸಿದು ಕೂತ ಆ ಹುಡುಗನಿಗೆ, ತಪ್ಪು ನಿನ್ನದಲ್ಲ ನನ್ನದು ಎಂದು ಹೇಳಬೇಕೆಂದು ರಾಘಣ್ಣನಿಗೆ ಅನಿಸಿತು. ಪಕ್ಕದಲ್ಲಿ ನೆಲದ ಮೇಲೆಯೇ ಕೂತು, ಬೆನ್ನಿನ ಮೇಲೆ ಕೈಯಿಟ್ಟ.

"ಉಂಡ್ಯೇನೋ?" ಎಂದ.

ಏಕನಾಥ ಇಲ್ಲ ಎಂದು ತಲೆಯಾಡಿಸಿದ.

"ಮೊದಲು ಉಣ್ಣು. ಏಳು."

ಹೇಳಿದವನೂ ಏಳಲಿಲ್ಲ, ಕೇಳಿದವನೂ ಏಳಲಿಲ್ಲ. ಹಿಂದಿನ ಕೋಣೆಯಲ್ಲಿ ನಿನ್ನೆಯ ಅನ್ನ ಮುಚ್ಚಿಟ್ಟ ಹಾಗೆಯೇ ಇತ್ತು.