ಗಾಲಿಮನೆಯ ಹುಲ್ಲುಲಂಗ

ಗಾಲಿಮನೆಯ ಬುಡಕ್ಕೆ ಹುಲ್ಲಿನ ಪೆಂಡಿಗಳ ಲಂಗ ಉಡಿಸಿದ್ದಾಗಿತ್ತು. ನೀರಿನ ಪೈಪಿಗೆ ಬಿಸಿತಂತಿ ಸುತ್ತಿದ್ದಾಗಿತ್ತು. ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಎಳೆದು ಅಂಟಿಸಿದ್ದಾಗಿತ್ತು. ಇನ್ನು ದಾರ್ಕಾಗೆ ಉಳಿದದ್ದು ಎರಡೇ ಕೆಲಸ. ವಿಷಗಾಳಿ ಬಂದರೆ ಕೂಗುವ ಪೆಟ್ಟಿಗೆಯನ್ನು ಗೋಡೆಗೆ ಮತ್ತೆ ಸಿಕ್ಕಿಸುವುದು, ಆಮೇಲೆ ನಾಲ್ಕು ಗಂಟೆಗೆ ಬರುವ ದೊಡ್ಡಪ್ಪನ ಮುಂದೆ ಧೈರ್ಯವಾಗಿ ನಿಲ್ಲುವುದು.

ದೊಡ್ಡಪ್ಪ ಮೈರಾನ್ ಬೇಸಿಗೆಯಲ್ಲೇ ಕಡ್ಡಿ ಮುರಿದಂತೆ ಹೇಳಿಟ್ಟಿದ್ದ. "ಹಿಮ ಬೀಳೋ ತನಕ ಅಜ್ಜಿ ನಿನ್ನ ಈ ಗಾಲಿಡಬ್ಬೀಲಿರ್ಲಿ. ನವೆಂಬರ್ ಹದಿನೈದಕ್ಕೆ ನಾನೇ ಬಂದು ನೋಡ್ತೀನಿ. ಮೈನಸ್ ಮೂವತ್ತು ತಡೆಯೋ ಹಂಗಿದ್ರೆ ಸರಿ. ಇಲ್ಲಾಂದ್ರೆ ರೆಜೈನಾ ನಗರದ ಮುದುಕರ ಆಸರೆಮನೇಲಿ ಒಂದು ಮಂಚ ಹೇಳಿಟ್ಟಿದ್ದೀನಿ."

ಆ ಮಂಚಕ್ಕೆ ಅಜ್ಜಿಯನ್ನು ಬಿಟ್ಟುಕೊಡುವವಳಲ್ಲ ದಾರ್ಕಾ. ತಾಯಿಯಿಲ್ಲದ ಅವಳನ್ನು ಕಥೆ ಉಣ್ಣಿಸಿ ಬೆಳೆಸಿದವಳು ಪರಾಸ್ಕಾ ಅಜ್ಜಿ. ಅಂಥವಳನ್ನು ಯಾರದೋ ಕಾರಿಡಾರಿನಲ್ಲಿ ಟಿವಿಯ ಮುಂದೆ ಕೂರಿಸುವುದೆಂದರೇನು? ಅದಕ್ಕೇ ಅಕ್ಕಪಕ್ಕದವರು ತಮ್ಮ ಗಾಲಿಮನೆಗಳ ಸುತ್ತ ಹುಲ್ಲಿನ ಪೆಂಡಿಗಳನ್ನು ಎರಡು ಸಾಲು ಪೇರಿಸಿದ್ದರೆ, ಅವಳು ಮೂರು ಸಾಲು ಪೇರಿಸಿದ್ದಳು. ನಿನ್ನೆ ಮುಸ್ಸಂಜೆ, ಬೀಳುವ ಹಿಮದಲ್ಲೇ, ಕೊನೆಯ ಸಾಲನ್ನು ಮೊಣಕಾಲಿನಿಂದ ಗುದ್ದಿ ಗುದ್ದಿ ಗೋಡೆಗೆ ಒತ್ತಿದ್ದಳು. ವಾಯವ್ಯದ ಬದಿಯಲ್ಲಿ ತುಕ್ಕು ಹಿಡಿದ ಸಣ್ಣ ಜಾಲರಿಯೊಂದು ಕಂಡಿತ್ತು. ಗಾಳಿ ನುಗ್ಗಲು ಇನ್ನೊಂದು ಕಂಡಿ ಎಂದುಕೊಂಡು ಅದರ ಬಾಯಿಗೂ ಒಂದು ಪೆಂಡಿ ಗಿಡಿದಿದ್ದಳು.

ಇಂದು ಬೆಳಗಿನ ಜಾವ ಪೆಟ್ಟಿಗೆ ಕಿರುಚಿತ್ತು. ಅಜ್ಜಿಗೆ ಎಚ್ಚರವಾದೀತೆಂದು ಅದನ್ನು ಗೋಡೆಯಿಂದ ಕಿತ್ತು ಹೊರಗಿನ ಮೆಟ್ಟಿಲ ಮೇಲಿಟ್ಟಳು. ಅಲ್ಲಿ ಅದು ತೆಪ್ಪಗಾಯಿತು. ಹಳೇ ಬ್ಯಾಟರಿ, ಚಳಿಗೆ ಸತ್ತಿದೆ ಅಂದುಕೊಂಡಳು. ಮಧ್ಯಾಹ್ನದವರೆಗೆ ಅವಳು ಒಳಗೆ ಹೊರಗೆ ಓಡಾಡುತ್ತಿದ್ದುದರಿಂದ ಬಾಗಿಲು ತೆರೆದೇ ಇತ್ತು. ಆಮೇಲೆ ಹೊರಗಿನ ಕೆಲಸ ಮುಗಿಯಿತು. ಬಾಗಿಲು ಭದ್ರವಾಯಿತು, ಗ್ಯಾಸಿನ ಹೀಟರು ಒಂದೇ ಸಮ ಉರಿಯಿತು.

ಮೂರೂವರೆ ಗಂಟೆಗೆ ಅಜ್ಜಿ ಇನ್ನೂ ಮಲಗಿದ್ದಳು. ಹಗಲು ಮಲಗುವ ಮುದುಕಿಯಲ್ಲ ಅವಳು.

"ಏಳಜ್ಜಿ. ನಿನ್ನ ಮಗ ಬರೋ ಹೊತ್ತಾಯ್ತು. ತಲೆ ಬಾಚ್ತೀನಿ."

"ಬರ್ಲಿ ಬಿಡೇ. ತಲೆ ಮೇಲೆ ಯಾರೋ ಕೂತಂಗಿದೆ."

"ದೊಡ್ಡಪ್ಪನೇ ಇರ್ಬೇಕು, ಬೇಗ ಬಂದು ಕೂತಿದಾರೆ."

ಇಂಥ ಮಾತಿಗೆ ಮರುಮಾತು ಕೊಡದೆ ಅಜ್ಜಿ ಬಿಟ್ಟದ್ದೇ ಇಲ್ಲ. ಇವತ್ತು ಬಿಟ್ಟಳು. ದಾರ್ಕಾಗೂ ಹಣೆ ಸಿಡಿಯುತ್ತಿತ್ತು. ನಾಲ್ಕು ದಿನದ ದುಡಿಮೆ, ಇರುತ್ತದೆ ಅಂದುಕೊಂಡಳು.

ಪೆಟ್ಟಿಗೆಯನ್ನು ಒಳಗೆ ತಂದು ಸಿಕ್ಕಿಸಿದಳು. ಕಿರುಚಿತು. ಹೊರಗೊಯ್ದಳು. ಸುಮ್ಮನಾಯಿತು. ಹೊಸ ಬ್ಯಾಟರಿ ಹಾಕಿ ಒಳಗೆ ತಂದಳು. ಮತ್ತೆ ಅದೇ ಕಿರುಚಾಟ. ದೊಡ್ಡಪ್ಪ ಮೊದಲು ನೋಡುವುದೇ ಇದನ್ನು ಎಂಬ ಚಿಂತೆಯಲ್ಲಿ ಅವಳಿಗೆ ಅಳು ಬಂತು.

ಅಜ್ಜಿ ಕಣ್ಣು ತೆರೆಯದೆ ಗೊಣಗಿದಳು. "ಅವನಿಗೆ ಬಾಗಿಲು ಬಿಟ್ಟಿದ್ದೀಯೇನೇ?"

"ಯಾರಿಗಜ್ಜಿ?"

"ದೊಮೊವಿಕನಿಗೆ. ಪೈಪು ಸೇದೋಕೆ ಆಚೆ ಹೋಗ್ಬೇಕಲ್ಲ, ಪಾಪ."

ದೊಮೊವಿಕ ಅಂದರೆ ಒಲೆಯ ಹಿಂದೆ ಕೂತು ಮನೆ ಕಾಯುವ ಗಡ್ಡದ ಮುದುಕ. ದಾರ್ಕಾ ನೂರು ಸಲ ಕೇಳಿದ ಕಥೆ. ಒಬ್ಬ ಸೊಸೆ ಚಳಿಗೆ ಹೆದರಿ ಮನೆಯ ಕಂಡಿಗಳನ್ನೆಲ್ಲ ಮುಚ್ಚಿದಳಂತೆ. ಆಚೆ ಹೋಗಲು ದಾರಿ ಕಾಣದೆ ಮುದುಕ ಒಳಗೇ ಪೈಪು ಹಚ್ಚಿದನಂತೆ. ಆ ರಾತ್ರಿ ಮಲಗಿದವರು ಬೆಳಗಾದರೂ ಏಳಲಿಲ್ಲವಂತೆ.

ಏಳಲಿಲ್ಲವಂತೆ.

ತುಕ್ಕಿನ ಜಾಲರಿ ಕಣ್ಣೆದುರು ಬಂತು. ಅದು ಗಾಳಿ ಒಳಬರುವ ಕಂಡಿಯಲ್ಲ, ಹೀಟರಿನ ಹೊಗೆ ಹೊರಹೋಗುವ ಬಾಯಿ.

ಹೀಟರನ್ನು ಆರಿಸಿದಳು. ಬಾಗಿಲು ಒದ್ದು ತೆರೆದಳು. ರಜಾಯಿಯ ಸಮೇತ ಅಜ್ಜಿಯನ್ನು ಬಾಚಿ ಎಳೆದಾಗ ಆ ಹಗುರ ಮೈ ನೆನೆದ ಚೀಲದಂತೆ ಜೋತುಬಿತ್ತು. "ಉಸಿರಾಡಜ್ಜಿ, ಜೋರಾಗಿ ಉಸಿರಾಡು," ಎನ್ನುತ್ತ ಮೆಟ್ಟಿಲ ಮೇಲೆ ಕೂರಿಸಿ, ತನ್ನ ಟೋಪಿ ತೆಗೆದು ಅವಳ ತಲೆಗೆ ಹಾಕಿ, ಹಿಂಬದಿಗೆ ಓಡಿದಳು. ಎಲ್ಲ ಪೆಂಡಿಗಳ ಮೇಲೂ ಹಿಮ ಕೂತಿತ್ತು. ಒಂದು ಮಾತ್ರ ಕಪ್ಪಗೆ ಒದ್ದೆಯಾಗಿ ಹಬೆಯಾಡುತ್ತಿತ್ತು. ಹುರಿ ಹಿಡಿದು ಎಳೆದಳು. ಒಳಮೈ ಕಂದಿ, ಸುಟ್ಟ ರೊಟ್ಟಿಯ ವಾಸನೆ ಬಂತು. ಇನ್ನೊಂದು ಗಂಟೆ ಬಿಟ್ಟಿದ್ದರೆ ಬೆಂಕಿಯೇ ಹೊತ್ತುತ್ತಿತ್ತೇನೋ.

ಅವಳು ಮುಂಬದಿಗೆ ಬರುವುದಕ್ಕೂ ಮೈರಾನನ ಟ್ರಕ್ಕು ನಿಲ್ಲುವುದಕ್ಕೂ ಸರಿಹೋಯಿತು.

ಮೈನಸ್ ಇಪ್ಪತ್ತೆರಡರಲ್ಲಿ ತಾಯಿ ಮೆಟ್ಟಿಲ ಮೇಲೆ. ಮನೆಯ ಬಾಗಿಲು ಹಾರುಹೊಡೆದಿದೆ. ಮೊಮ್ಮಗಳ ತೋಳಲ್ಲಿ ಕರಿಹುಲ್ಲಿನ ಪೆಂಡಿ.

"ಇದೇನಾ ನಿನ್ನ ಚಳಿಗಾಲದ ತಯಾರಿ?" ಎಂದ ಮೈರಾನ್, ತೀರಾ ಮೆಲ್ಲಗೆ.

"ಹೊಗೆ ಬಾಯಿ ಮುಚ್ಚಿಬಿಟ್ಟಿದ್ದೆ ದೊಡ್ಡಪ್ಪ. ಗೊತ್ತಾಗ್ಲಿಲ್ಲ. ಪೆಟ್ಟಿಗೆ ಕೂಗ್ತು, ನಾನೇ ಆಚೆ ಇಟ್ಟೆ. ಬೈಯೋದು ಆಮೇಲೆ, ಮೊದ್ಲು ಆಸ್ಪತ್ರೆಗೆ ನಡೀರಿ."

ಪಟ್ಟಣದ ಆಸ್ಪತ್ರೆಯಲ್ಲಿ ಇಬ್ಬರ ಮೂಗಿಗೂ ಆಮ್ಲಜನಕ ಕಟ್ಟಿದರು. ಎರಡು ಗಂಟೆ ಕಳೆದ ಮೇಲೆ ಅಜ್ಜಿಯ ಕೆನ್ನೆಗೆ ಬಣ್ಣ ಬಂತು, ಬಣ್ಣದ ಹಿಂದೆಯೇ ಬಾಯಿಯೂ ಬಂತು.

"ಲೋ ಮೈರಾನ್, ಮುಖ ಯಾಕೆ ಹುಳಿ ಎಲೆಕೋಸಿನ ಥರ ಮಾಡ್ಕೊಂಡಿದ್ದೀಯ? ಸತ್ತಿಲ್ಲ ನಾನು."

"ಸಾಯ್ತಿದ್ದೆ ಅಮ್ಮ. ಇವಳ ಕೈಯಲ್ಲಿ."

"ನನ್ನಮ್ಮನೂ ಹಿಂಗೇ ಮಾಡಿದ್ಲು." ಅಜ್ಜಿ ಮೂಗಿನ ಕೊಳವೆಯನ್ನು ಪಕ್ಕಕ್ಕೆ ಸರಿಸಿದಳು. "ಚಳಿ ಅಂತ ಒಲೆಯ ಹೊಗೆಕೊಳವೆಗೆ ಬಟ್ಟೆ ತುರುಕಿದ್ಲು. ನಾನು ಬಾಗಿಲ ಹತ್ರ ಮಲಗಿದ್ದೆ, ಉಳ್ಕೊಂಡೆ. ತಮ್ಮ ಒಸ್ಟಾಪ್ ತೊಟ್ಟಿಲಲ್ಲಿದ್ದ, ಏಳ್ಲೇ ಇಲ್ಲ. ಅಮ್ಮ ಆ ಬಟ್ಟೆ ವಿಷಯ ಯಾರಿಗೂ ಹೇಳ್ಲಿಲ್ಲ. ನನಗೆ ಮಾತ್ರ ದೊಮೊವಿಕನ ಕಥೆ ಹೇಳಿದ್ಲು."

ಅರವತ್ತು ವರ್ಷದ ಮಗನಿಗೆ ಇದು ಹೊಸದು. ಅವನು ತಾಯಿಯ ಮೂಗಿನ ಕೊಳವೆಯನ್ನು ಮತ್ತೆ ನೆಟ್ಟಗೆ ಕೂರಿಸಿದ. ಆಮೇಲೆ ದಾರ್ಕಾಳ ಕಡೆ ತಿರುಗಿದ.

"ನಾನು ಅರ್ಧ ಗಂಟೆ ತಡ ಮಾಡಿದ್ರೆ, ಅಷ್ಟ್ರಲ್ಲಿ ಅಮ್ಮ ಸರಿಹೋಗಿದ್ರೆ, ಇದನ್ನ ನನಗೆ ಹೇಳ್ತಿದ್ಯಾ?"

ಹೌದು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ರೆಜೈನಾದ ಮಂಚವೂ ಕಣ್ಣಲ್ಲಿತ್ತು.

"ಗೊತ್ತಿಲ್ಲ ದೊಡ್ಡಪ್ಪ," ಎಂದಳು ದಾರ್ಕಾ.

"ಹ್ಞೂಂ. ಸುಳ್ಳಂತೂ ಹೇಳ್ಲಿಲ್ಲ." ಅವನು ಎದ್ದು ಕೋಟು ಹಾಕಿಕೊಂಡ. "ಇವತ್ತು ಇಬ್ರೂ ನಮ್ಮನೇಲಿ ಮಲಗಿ. ನಾಳೆ ಗರಗಸ ತರ್ತೀನಿ. ಅಂಗೀಗೆ ತೋಳು ಬಿಡೋ ಹಂಗೆ ಆ ಬಾಯಿ ಸುತ್ತ ತಗಡಿನ ಚೌಕ ಕೂರಿಸ್ಬೇಕು. ಲಂಗ ಹೊಲಿಯೋದು ಗೊತ್ತು ಅಂತಾಳೆ, ತೋಳಿನ ಬಾಯೇ ಹೊಲಿದು ಮುಚ್ಬಿಟ್ಟಿದಾಳೆ."

"ಮತ್ತೆ ಆ ಮಂಚ?" ಅಜ್ಜಿ ಕೇಳಿದಳು.

"ಬೇರೆ ಯಾರಾದ್ರೂ ಮಲಗ್ಲಿ. ಆದ್ರೆ ಪೆಟ್ಟಿಗೆ ಎರಡಿರ್ಬೇಕು. ಒಂದು ನಿನ್ನ ತಲೆ ಹತ್ರ."

"ಅದು ಕೂಗಿದ್ರೆ ನನಗೆ ನಿದ್ದೆ ಬರಲ್ಲ ಕಣೋ."

"ಬರಬಾರದು ಅಂತಾನೇ ಅಮ್ಮ ಅದು."

ಮರುದಿನ ಮಧ್ಯಾಹ್ನ ತಗಡಿನ ಚೌಕದಿಂದ ಬಿಳಿ ಹಬೆ ಸಣ್ಣಗೆ ಎದ್ದು ಬಯಲ ಕಡೆ ಹೋಯಿತು. ಒಳಗೆ ಎರಡೂ ಪೆಟ್ಟಿಗೆಗಳು ಹಸಿರು ದೀಪ ಮಿಟುಕಿಸುತ್ತ ಸುಮ್ಮನಿದ್ದವು.

"ಮುದುಕ ಪೈಪು ಹಿಡ್ಕೊಂಡು ಆಚೆ ಹೋದನಾ?" ಅಜ್ಜಿ ಕೇಳಿದಳು.

ದಾರ್ಕಾ ಕೋಟು ಹಾಕಿಕೊಂಡು ಹೊರಗೆ ಹೋಗಿ, ಆ ಹಬೆಗೆ ಅಂಗೈ ಒಡ್ಡಿ ನೋಡಿ ಬಂದು, ಆಮೇಲೆ ಹೌದೆಂದಳು.