ಇಪ್ಪತ್ಮೂರನೆಯ ಪೆಂಡಾಲು

ಹಬ್ಬ ಬಂತೆಂದರೆ ಊರಿನವರೆಲ್ಲ ದೇವಿಯ ಮುಖ ನೋಡಲು ಹೊರಡುತ್ತಾರೆ. ನಾನು ಬೆನ್ನು ನೋಡಲು ಹೊರಡುತ್ತೇನೆ.

ಹದಿನೆಂಟು ವರ್ಷದಿಂದ ಇದೇ ಪಾಡು. ವಿದ್ಯುತ್ ಕಚೇರಿಯಲ್ಲಿ ನಾನು ಪರಿವೀಕ್ಷಕಿ. ಬೀದಿಬೀದಿಯಲ್ಲಿ ಪೆಂಡಾಲು ಹಾಕಿ ದೇವಿಯನ್ನು ಕೂರಿಸುವ ಕಮಿಟಿಯವರು ನಮ್ಮಿಂದ ತಾತ್ಕಾಲಿಕ ಕರೆಂಟು ತೆಗೆದುಕೊಳ್ಳಬೇಕು. ಅದಕ್ಕೆ ಮೊದಲು ನಾನು ಹೋಗಿ, ವೈರಿಂಗ್ ಸರಿಯಿದೆ, ಇಲ್ಲಿ ಯಾರಿಗೂ ಶಾಕ್ ಹೊಡೆಯುವುದಿಲ್ಲ, ಬಟ್ಟೆಗೆ ಬೆಂಕಿ ಹತ್ತುವುದಿಲ್ಲ ಎಂದು ಒಂದು ಹಾಳೆಯ ಮೇಲೆ ಸಹಿ ಹಾಕಬೇಕು. ವೈರು ಇರುವುದೆಲ್ಲ ಹಿಂದೆ. ಮುಂದೆ ನಿಂತವರಿಗೆ ಕಿರೀಟ, ಜರಿ, ಹತ್ತು ಕೈ. ಹಿಂದೆ ನಿಂತವಳಿಗೆ ಬಣ್ಣ ಕಾಣದ ಮಣ್ಣು, ಹೊರಗೆ ಇಣುಕುವ ಹುಲ್ಲು, ಬಿದಿರಿನ ಆಸರೆ, ಸೀರೆ ಜಾರದಂತೆ ಸಿಕ್ಕಿಸಿದ ಪಿನ್ನುಗಳು. ದೇವಿಯೂ ನಮ್ಮ ಹಾಗೇ, ಇಸ್ತ್ರಿ ಮುಂದೆ ಮಾತ್ರ.

ಕಮಿಟಿಯವರು ನನ್ನ ಬೆನ್ನ ಹಿಂದೆ ನನಗೆ ಫ್ಯೂಸಮ್ಮ ಅನ್ನುತ್ತಾರೆ. ಅನ್ನಲಿ. ಕಿತ್ತುಹಾಕಿ ಎಂದರೆ ಕಿತ್ತುಹಾಕಲೇಬೇಕು ಎನ್ನುವವಳು ನಾನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗುತ್ತಲೇ ಕಿತ್ತುಹಾಕುತ್ತಾರೆ. ಹದಿನೆಂಟು ವರ್ಷದಲ್ಲಿ ನಾನು ಸಹಿ ಹಾಕಿದ ಯಾವ ಪೆಂಡಾಲಿನಲ್ಲೂ ಒಂದು ಕಿಡಿ ಹಾರಿಲ್ಲ. ನನ್ನ ಹತ್ತಿರ ಹೆಮ್ಮೆಪಡುವಂಥದ್ದು ಅದೊಂದೇ ಇರುವುದು.

ಈ ಸಲ ಪಟ್ಟಿಯಲ್ಲಿ ಇಪ್ಪತ್ಮೂರು ಪೆಂಡಾಲು. ಇಬ್ಬರು ಮಾಡುವ ಕೆಲಸ, ಇನ್ನೊಬ್ಬರಿಗೆ ಜ್ವರ. ಕೊನೆಯದು ನಮ್ಮ ಬೀದಿಯದೇ. ಬೆಳಿಗ್ಗೆಯೇ ಸಾಹೇಬರ ಮುಂದೆ ಹೋಗಿ ನಿಂತೆ.

"ಸಾರ್, ನಮ್ಮ ಬೀದೀದು ಬೇರೆಯವ್ರಿಗೆ ಕೊಡಿ. ಈ ವರ್ಷ ನಮ್ಮನೆಯವ್ರೇ ಅಲ್ಲಿ ಕಾರ್ಯದರ್ಶಿ."

"ಬೇರೆಯವ್ರು ಅಂದ್ರೆ ಯಾರಮ್ಮ, ನಾನಾ? ನನಗೆ ಎರಡು ಮೆಟ್ಲು ಹತ್ತಿದ್ರೆ ಉಸಿರು ಬರಲ್ಲ. ಹೋಗ್ಬನ್ನಿ. ನೀವು ಗಂಡ ಅಂತ ಬಿಡೋ ಪೈಕಿ ಅಲ್ಲ ಅಂತ ಊರಿಗೇ ಗೊತ್ತು."

ಹೊಗಳಿದ್ದೋ ಬೈದದ್ದೋ ತಿಳಿಯಲಿಲ್ಲ. ಜೀಪು ಹತ್ತಿದೆ.

ಮೊದಲನೆಯ ದೇವಿ ಥರ್ಮಾಕೋಲಿನ ಹಿಮದ ಗುಹೆಯಲ್ಲಿದ್ದಳು. ಹಿಂದೆ ಹೋದರೆ ಅರ್ತಿಂಗ್ ಕಡ್ಡಿಯನ್ನು ನೆಲಕ್ಕೆ ಹುಗಿಯದೆ ಹೂವಿನ ಕುಂಡದಲ್ಲಿ ಚುಚ್ಚಿದ್ದರು. ನಾಲ್ಕನೆಯದರಲ್ಲಿ ಲಕ್ಷ ಗುಂಡಿಗಳಿಂದ ಮಾಡಿದ ಸಿಂಹ, ಹಿಂದೆ ತೇವದ ಗೋಣಿಯ ಮೇಲೆ ಸ್ವಿಚ್ ಬೋರ್ಡು. ಒಂಬತ್ತನೆಯದರಲ್ಲಿ ರಾಕೆಟ್ ಇತ್ತಂತೆ. ನಾನು ನೋಡಿದ್ದು ಅದರ ಬಾಲದಲ್ಲಿ ತೂಗಾಡುತ್ತಿದ್ದ ಬರಿಯ ತಾಮ್ರದ ಎಳೆ. ಪ್ರತಿಯೊಂದು ಕಡೆಯೂ ಅದೇ ಮಾತು. ಹೋದ ವರ್ಷ ಹೀಗೇ ಇತ್ತು ಮೇಡಂ, ಏನೂ ಆಗಿಲ್ಲ ಮೇಡಂ, ದೇವಿ ನೋಡ್ಕೋತಾಳೆ ಮೇಡಂ. ದೇವಿ ಮುಂದೆ ನೋಡುತ್ತಾಳೆ, ಹಿಂದೆ ನೋಡುವುದಕ್ಕೆ ನನ್ನನ್ನಿಟ್ಟಿದ್ದಾಳೆ ಎಂದು ಮೊದಮೊದಲು ತಮಾಷೆ ಮಾಡುತ್ತಿದ್ದೆ. ಹದಿನಾರನೆಯದರ ಹೊತ್ತಿಗೆ ಮಾತೇ ಬೇಡವೆನಿಸಿ ಬೆರಳು ತೋರಿಸತೊಡಗಿದೆ.

"ಅಕ್ಕ, ಒಂದ್ಸಲ ಮುಂದೆ ಹೋಗಿ ಕೈಮುಗಿದು ಬನ್ನಿ. ಜೀಪು ಎಲ್ಲಿಗೂ ಓಡಿಹೋಗಲ್ಲ," ಎಂದ ಡ್ರೈವರಣ್ಣ. ಅವನು ಪ್ರತಿ ಪೆಂಡಾಲಿನಲ್ಲೂ ಕೈಮುಗಿದು, ಕಿವಿಗೆ ಹೂವು ಸಿಕ್ಕಿಸಿಕೊಂಡು ಬರುತ್ತಿದ್ದ.

"ಮುಂದೆ ಹೋದ್ರೆ ಕ್ಯೂ ಕಣಣ್ಣ. ಇನ್ನೂ ಏಳಿವೆ."

"ಊರೋರೆಲ್ಲ ಕಾಲ್ನಡಿಗೇಲಿ ನೋಡ್ತಾರೆ. ನೀವು ಜೀಪಲ್ಲಿ ಬಂದೂ ನೋಡಲ್ಲ. ಎಂಥಾ ಕರ್ಮ ನಿಮ್ದು."

ಕರ್ಮವೇ. ಇಪ್ಪತ್ತೆರಡನೆಯದು ಮುಗಿಯುವಾಗ ಸಂಜೆ ನಾಲ್ಕೂವರೆ. ಪಾದಗಳು ಊದಿ ಚಪ್ಪಲಿಯ ಪಟ್ಟಿ ಕೊರೆಯುತ್ತಿತ್ತು. ಮಧ್ಯಾಹ್ನದ ಡಬ್ಬಿ ಜೀಪಿನ ಸೀಟಿನ ಮೇಲೆ ಮುಚ್ಚಿದ ಹಾಗೇ ಇತ್ತು. ನಮ್ಮ ಬೀದಿಯ ತಿರುವಿನಲ್ಲಿ ಇಳಿದು, ಇನ್ನು ನಾನೇ ಹೋಗುತ್ತೇನೆ ಎಂದು ಡ್ರೈವರಣ್ಣನನ್ನು ಕಳಿಸಿದೆ.

ಇಲ್ಲಿ ನನ್ನ ಗಂಡನ ಬಗ್ಗೆ ಎರಡು ಮಾತು ಹೇಳಬೇಕು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವರು. ದಿನಕ್ಕೆ ಮೂರು ಸಲ, ಊಟದ ನಂತರ ಎಂದು ಹೇಳುವುದನ್ನೂ ಗ್ರಾಹಕರು ಇನ್ನೊಮ್ಮೆ ಕೇಳಬೇಕು, ಅಷ್ಟು ಮೆಲುದನಿ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರನ್ನು ಯಾರೂ ಯಾವುದಕ್ಕೂ ಮುಂದೆ ಮಾಡಿರಲಿಲ್ಲ. ಈ ವರ್ಷ ಬೀದಿಯವರು ಕಾರ್ಯದರ್ಶಿ ಮಾಡಿದ್ದೇ ತಡ, ಮನುಷ್ಯ ಬೇರೆಯೇ ಆಗಿಹೋದರು. ಐದು ತಿಂಗಳಿಂದ ಬಣ್ಣದ ಕಾಗದ, ಬಟ್ಟೆಯ ಅಳತೆ, ಮೂರ್ತಿ ಮಾಡುವವನ ಮನೆಗೆ ಓಡಾಟ. ಇಂದು ಏಳೂವರೆಗೆ ದೇವಿಯ ಮುಂದೆಯೇ ಮೂವತ್ತು ಮಕ್ಕಳ ನೃತ್ಯ, ಅದಕ್ಕೆ ಮೊದಲು ಅವರ ಸ್ವಾಗತ ಭಾಷಣ. ಆ ಭಾಷಣವನ್ನು ಕನ್ನಡಿಯ ಮುಂದೆ ಹೇಳಿ ಹೇಳಿ ನನಗೂ ಬಾಯಿಪಾಠ ಮಾಡಿಸಿದ್ದರು.

ಪೆಂಡಾಲಿನ ಹತ್ತಿರ ಬಂದಾಗ ನಾನು ಹಿಂದಕ್ಕೆ ಹೋಗುವ ಸಂದಿಯ ಕಡೆಗೇ ತಿರುಗಿದ್ದೆ. ಅಭ್ಯಾಸ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಧ್ವನಿ ಬಂತು. ದೇವಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೂವು ಕಟ್ಟುತ್ತಿದ್ದರು.

"ಎಲ್ಲಿಗೇ ಆ ಕೊಚ್ಚೆಗೆ ಹೋಗ್ತೀಯ? ಬಾ ಇಲ್ಲಿ, ಮೊದ್ಲು ಕೂತ್ಕೊ. ಮುಖ ನೋಡು, ಬಾಡಿದ ಸೊಪ್ಪಾಗಿದೆ. ಮನೆಗೆ ಮಾರಿ, ಊರಿಗೆ ಉಪಕಾರಿ."

ಗಂಡ ಕುರ್ಚಿ ತಂದಿಟ್ಟರು. ಲೋಟದಲ್ಲಿ ತಣ್ಣೀರು ತಂದುಕೊಟ್ಟರು. ಕೂತೆ. ಕೂತು ತಲೆ ಎತ್ತಿದೆ.

ದೇವಿ ನನ್ನನ್ನೇ ನೋಡುತ್ತಿದ್ದಳು.

ಮೂರ್ತಿ ಮಾಡಿದವನು ಯಾರೋ ಪುಣ್ಯಾತ್ಮ. ಅವಳಿಗೆ ಸಿಟ್ಟಿನ ಕಣ್ಣು ಕೊಟ್ಟಿರಲಿಲ್ಲ, ನಗುವನ್ನೂ ಕೊಟ್ಟಿರಲಿಲ್ಲ. ಕಣ್ಣಿನ ಕೆಳಗೆ ಸಣ್ಣ ಮಡಿಕೆ, ತುಟಿ ಒಂಚೂರು ಸಡಿಲ. ಮನೆ ತುಂಬ ಜನಕ್ಕೆ ಬಡಿಸಿ, ಪಾತ್ರೆ ತೊಳೆದಿಟ್ಟು, ಈಗ ತಾನೇ ಕೂತ ಹೆಂಗಸಿನ ಮುಖ. ಹತ್ತು ಕೈಯಲ್ಲೂ ಹಿಡಿದದ್ದನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಅಯ್ಯೋ, ನಿನಗೂ ಕಾಲು ನೋಯುತ್ತಿದೆಯಾ ತಾಯಿ ಎಂದು ಒಳಗೇ ಕೇಳಿದೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ.

"ಹೆಂಗಿದಾಳೆ?" ಗಂಡ ಪಕ್ಕದಲ್ಲಿ ನಿಂತು ಕೇಳಿದರು.

"ತುಂಬ ಚೆನ್ನಾಗಿದಾಳೆ ರೀ."

ಅವರು ಹಾಳೆ ಮುಂದೆ ಹಿಡಿದರು. ಚೀಲದಿಂದ ಪೆನ್ನು ತೆಗೆದು ಸಹಿ ಹಾಕಿದೆ. ಅವರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಾಗಿಲ ಕಂಬಕ್ಕೆ ತೂಗುಹಾಕಿದರು. ಹಾಕಿ ಎರಡು ಹೆಜ್ಜೆ ಹಿಂದೆ ಸರಿದು, ಸೊಟ್ಟಗಿದೆಯೇ ಎಂದು ನೋಡಿದರು.

ಮನೆ ಅಲ್ಲಿಂದ ಐದನೆಯದು. ಬಕೆಟ್ಟಿನಲ್ಲಿ ಬಿಸಿನೀರು, ಉಪ್ಪು ಹಾಕಿ ಕಾಲಿಳಿಬಿಟ್ಟುಕೊಂಡು ಡೈರಿ ತೆರೆದೆ. ಕಚೇರಿಯವರು ಕೇಳುವುದಿಲ್ಲ, ಅದು ನನ್ನದೇ ಚಟ. ಪ್ರತಿ ಪೆಂಡಾಲಿಗೆ ಒಂದು ಸಾಲು, ಹಿಂದೆ ಏನಿತ್ತು ಎಂದು. ಹೂಕುಂಡ, ಗೋಣಿ, ರಾಕೆಟ್ಟಿನ ಬಾಲ. ಇಪ್ಪತ್ತೆರಡು ಸಾಲು ಬರೆದೆ. ಇಪ್ಪತ್ಮೂರು ಎಂದು ಬರೆದು ಚುಕ್ಕಿ ಇಟ್ಟೆ. ಪೆನ್ನು ಅಲ್ಲೇ ನಿಂತಿತು.

ಹಿಂದೆ ಏನಿತ್ತು?

ಕಣ್ಣು ಮುಚ್ಚಿದರೆ ಮುಖವೇ ಬರುತ್ತಿತ್ತು. ಆ ಮಡಿಕೆ, ಆ ತುಟಿ. ಅದರಾಚೆ ಏನೂ ಇಲ್ಲ. ನಾನು ಹಿಂದೆ ಹೋಗಿಯೇ ಇರಲಿಲ್ಲ. ಬಿಸಿನೀರಿನಲ್ಲಿದ್ದ ಕಾಲು ತಣ್ಣಗಾಯಿತು.

ಮೊದಲು ಸಮಾಧಾನ ಹೇಳಿಕೊಂಡೆ, ಸುಳ್ಳೇಕೆ. ವೈರಿಂಗ್ ಮಾಡಿದ್ದು ಮಿಣುಕು ಮಾವ. ಮಿಣುಕುವ ಸೀರಿಯಲ್ ದೀಪದ ಸರ ಕಟ್ಟುವುದರಲ್ಲೇ ತಲೆ ನರೆತವನು, ಅದಕ್ಕೇ ಆ ಹೆಸರು. ಅವನು ಮಾಡಿದ್ದರೆ ಸರಿಯಾಗಿಯೇ ಇರುತ್ತದೆ. ಕರೆಂಟು ಕೊಟ್ಟು ಒಂದು ಗಂಟೆಯ ಮೇಲಾಯಿತು, ಏನೂ ಆಗಿಲ್ಲ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಕೇಳಿಸಿತು. ಬೆಳಿಗ್ಗೆಯಿಂದ ಇಪ್ಪತ್ತೆರಡು ಕಮಿಟಿಯವರು ಹೇಳಿದ್ದೂ ಇದನ್ನೇ.

ಈಗ ಎದ್ದು ಹೋಗಿ ಏನಾದರೂ ಸಿಕ್ಕಿತೆಂದರೆ ಗಂಡನ ಐದು ತಿಂಗಳು ಮಣ್ಣುಪಾಲು. ಹೋಗದಿದ್ದರೆ ಮೂವತ್ತು ಮಕ್ಕಳು, ಬಟ್ಟೆಯ ಗೋಡೆ, ನನ್ನ ಸಹಿ. ಹೊರಗೆ ಮೈಕಿನಲ್ಲಿ ಯಾರೋ ಹಲೋ ಹಲೋ ಅನ್ನುತ್ತಿದ್ದರು. ಏಳು ಗಂಟೆ. ಒದ್ದೆ ಕಾಲನ್ನೇ ಚಪ್ಪಲಿಗೆ ತುರುಕಿದೆ.

ಸಂದಿಯಲ್ಲಿ ಅಡ್ಡಡ್ಡ ನಡೆದು ಹಿಂದೆ ಹೋದೆ. ಟಾರ್ಚು ಬಿಟ್ಟೆ. ಅರ್ತಿಂಗ್ ಇತ್ತು. ಮೇನ್ ಬೋರ್ಡು ಎತ್ತರದಲ್ಲಿತ್ತು. ಮರಳಿನ ಬಕೆಟ್ ಕೂಡ ಇತ್ತು. ಸದ್ಯ ಎಂದು ಉಸಿರು ಬಿಡುವಷ್ಟರಲ್ಲಿ ಮೂಗಿಗೆ ವಾಸನೆ ಬಂತು. ಆ ವಾಸನೆಯನ್ನು ನಾನು ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ.

ದೇವಿಯ ತಲೆಯ ಹಿಂದೆ ತಿರುಗುವ ದೀಪದ ಚಕ್ರವಿತ್ತು. ಅದಕ್ಕೂ ನಾಲ್ಕು ಫೋಕಸ್ ಲೈಟಿಗೂ ಸೇರಿ ಒಂದೇ ತೆಳು ವೈರು, ಕಾಲಿಂಗ್ ಬೆಲ್ಲಿಗೆ ಹಾಕುವಂಥದ್ದು. ನಡುವೆ ತಿರುಚಿ ಟೇಪು ಸುತ್ತಿದ ಜಾಯಿಂಟು. ಅದನ್ನು ಕಾಣದಂತೆ ಬಟ್ಟೆಯ ಮಡಿಕೆಯೊಳಗೆ ಅಡಗಿಸಿದ್ದರು. ಮಡಿಕೆ ಬಿಡಿಸಿದೆ. ಟೇಪು ಕರಗಿ ಇಳಿದಿತ್ತು. ಬಟ್ಟೆಯಲ್ಲಿ ಅಂಗೈ ಅಗಲದ ಕಂದು ಕಲೆ, ನಡುವೆ ಕಪ್ಪು.

ಮೇನ್ ಎಳೆದೆ.

ಬೀದಿಯೇ ಕತ್ತಲಾದಂತಾಯಿತು. ಮಕ್ಕಳು ಹೋ ಎಂದು ಕೂಗಿದರು, ಅವಕ್ಕೆ ಅದೂ ಆಟ. ಸಂದಿಯಿಂದ ಮೊಬೈಲ್ ಬೆಳಕು ಹಿಡಿದುಕೊಂಡು ಗಂಡ ಬಂದರು. ಹಿಂದೆಯೇ ಮಿಣುಕು ಮಾವ.

"ಯಾರ್ರೀ ಮೇನ್ ತೆಗ್ದಿದ್ದು?"

"ನಾನು."

"ನೀನಾ? ಸಹಿ ಹಾಕಿದ್ಯಲ್ಲೇ."

ನಾನು ಬಟ್ಟೆ ತೋರಿಸಿದೆ. ಗಂಡ ಕೈ ಇಟ್ಟು, ಚುರುಕ್ಕೆಂದು ತೆಗೆದರು. ಮಿಣುಕು ಮಾವ ಬಗ್ಗಿ ನೋಡಿದ. ತಲೆ ಕೆರೆದುಕೊಂಡ.

"ಚಕ್ರ ನಿನ್ನೆ ಬಂತು ಅಕ್ಕ. ದಪ್ಪ ವೈರು ಸಾಕಾಗ್ಲಿಲ್ಲ. ಒಂದಿನಕ್ಕೆ ಅಂತ..."

"ಒಂದಿನ ಸಾಕು ಮಾವ."

"ಹತ್ತು ನಿಮಿಷದಲ್ಲಿ ಬದಲಾಯಿಸ್ತೀನಿ."

"ಎಲ್ಲಾ ಬಿಚ್ಚಿ ನೋಡ್ಬೇಕು. ಇದೊಂದೇ ಅಂತ ಏನು ಗ್ಯಾರಂಟಿ? ಇವತ್ತಾಗಲ್ಲ."

ಬೀದಿಯವರು ನಾಲ್ಕೈದು ಜನ ಸಂದಿಯ ಬಾಯಲ್ಲಿ ಸೇರಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಯಾರೋ ಅಂದರು. ಅಂದದ್ದರಲ್ಲಿ ತಪ್ಪಿರಲಿಲ್ಲ.

ಗಂಡನಿಗೆ ಹೇಳಿ ಕಂಬದ ಮೇಲಿದ್ದ ಹಾಳೆ ತರಿಸಿದೆ. ಅಡ್ಡ ಗೆರೆ ಎಳೆದು ರದ್ದು ಎಂದು ಬರೆದೆ. ಕೆಳಗೆ ಕಾರಣ ಎಂಬ ಕಡೆ ಪೆನ್ನು ಇಟ್ಟೆ. ಮಿಣುಕು ಮಾವ ಕಿವಿಯ ಹತ್ತಿರ ಬಂದ. ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಹೇಳಿದ.

"ಚಕ್ರ ನೀವು ಹೋದ್ಮೇಲೆ ಹಾಕಿದ್ದು ಅಂತ ಬರ್ಕೊಳ್ಳಿ ಅಕ್ಕ. ನಾನು ಹೂಂ ಅಂತೀನಿ. ನಿಮ್ಮ ನೌಕರಿಗ್ಯಾಕೆ ತೊಂದ್ರೆ?"

ಬರೆಯಬಹುದಿತ್ತು. ಕೈ ಒಂದು ಕ್ಷಣ ತಡೆದದ್ದೂ ನಿಜ. ಆಮೇಲೆ ಬರೆದೆ: ಮೊದಲ ತಪಾಸಣೆಯಲ್ಲಿ ಪರಿವೀಕ್ಷಕಿ ಹಿಂಬದಿ ನೋಡಿರಲಿಲ್ಲ. ಸಹಿ ಹಾಕಿದೆ. ಗಂಡ ಮೊಬೈಲ್ ಬೆಳಕು ಹಿಡಿದುಕೊಂಡೇ ಅದನ್ನು ಓದಿದರು. ಇನ್ನೊಮ್ಮೆ ಓದಿದರು.

"ಅಲ್ಲ ಕಣೇ, ಇಷ್ಟು ವರ್ಷದಲ್ಲಿ ಒಂದು ಪೆಂಡಾಲು ಬಿಟ್ಟೋಳಲ್ಲ ನೀನು. ಇಲ್ಲಿ ಯಾಕೆ ಹಿಂದೆ ಬರ್ಲಿಲ್ಲ?"

"ಮುಖ ನೋಡ್ತಾ ಕೂತುಬಿಟ್ಟೆ ರೀ."

ಅವರು ಜೇಬಿನಲ್ಲಿದ್ದ ಭಾಷಣದ ಹಾಳೆಯನ್ನು ಹೊರಗೆ ತೆಗೆದು, ನಾಲ್ಕು ಮಡಿಕೆ ಮಾಡಿ, ಮತ್ತೆ ಜೇಬಿಗೇ ಇಟ್ಟುಕೊಂಡರು. ಮುಂದೆ ಹೋದರು.

ನಾನು ಹಿಂದೆಯೇ ಉಳಿದೆ. ದೇವಿಯ ಪೀಠದ ಹಲಗೆಯ ಮೇಲೆ ಕೂತು ಅವಳ ಬೆನ್ನಿಗೆ ನನ್ನ ಬೆನ್ನು ಒರಗಿಸಿದೆ. ಬಣ್ಣ ಕಾಣದ ಮಣ್ಣು ತಣ್ಣಗಿತ್ತು. ಬಟ್ಟೆಯ ಆಚೆಯಿಂದ ಅವರ ಧ್ವನಿ ಬಂತು. ಮೈಕಿಗೂ ಕರೆಂಟಿಲ್ಲ, ಕೂಗಬೇಕಿತ್ತು. ಇಪ್ಪತ್ತು ವರ್ಷದಲ್ಲಿ ಅವರು ಕೂಗಿದ್ದನ್ನು ನಾನು ಕೇಳಿರಲಿಲ್ಲ.

"ಎಲ್ರೂ ಮಕ್ಕಳನ್ನ ಕರ್ಕೊಂಡು ಮನೆಗೆ ಹೋಗಿ. ಇವತ್ತು ಕಾರ್ಯಕ್ರಮ ಇಲ್ಲ. ಹಿಂದೆ ವೈರು ಸುಟ್ಟಿದೆ. ನನ್ನ ಹೆಂಡ್ತಿ ನೋಡಿದಾಳೆ."

"ಸರಿಯಿದೆ ಅಂತ ಸಹಿ ಹಾಕಿದ್ದೂ ನಿಮ್ಮ ಹೆಂಡ್ತೀನೇ ಅಲ್ವಾ?" ಎಂದು ಯಾರೋ ಕೇಳಿದರು.

"ಹೌದು," ಎಂದರು ನನ್ನ ಗಂಡ, ಕೊನೆಯ ಸಾಲಿನವರಿಗೂ ಕೇಳುವ ಹಾಗೆ. "ಅದೂ ಅವಳೇ."

ಕುರ್ಚಿಗಳನ್ನು ಎಳೆಯುವ ಸದ್ದು ಶುರುವಾಯಿತು.