ಎರಡು ಎಡತೋಳಿನ ಅಂಗಿ

ಅಂಗಿ ನೋಡಲು ಚೆನ್ನಾಗಿಯೇ ಇತ್ತು. ತಿಳಿನೀಲಿ ಬಟ್ಟೆ, ಬಿಳಿ ಗುಂಡಿ, ಗಟ್ಟಿ ಕಾಲರ್. ಮಾವ ಕನ್ನಡಿಯ ಮುಂದೆ ನಿಂತು ತೊಟ್ಟುಕೊಂಡರು. ಎಡಗೈ ಸಲೀಸಾಗಿ ಇಳಿಯಿತು. ಬಲಗೈಯೂ ಇಳಿಯಿತು, ಆದರೆ ಕಫ್ಫಿನ ಗುಂಡಿ ಉಲ್ಟಾ ಕಡೆ ಕೂತಿತ್ತು.

“ಏನಮ್ಮಾ ಇದು? ಎರಡೂ ಎಡತೋಳೇ ಹಚ್ಚಿಬಿಟ್ಟಿದ್ದೀಯಲ್ಲ!”

ಸೊಸೆ ಬಂದು ನೋಡಿದಳು. ಮುಖ ಸಣ್ಣದಾಯಿತು. ಹದಿನಾರು ವರ್ಷದಿಂದ ಹೊಲಿಯುವವಳು, ಬೀದಿಗೆಲ್ಲ ಟೈಲರಕ್ಕ. ನಡೆದು ಹೋಗುವವರ ಭುಜದ ಅಳತೆಯನ್ನು ಕಿಟಕಿಯಿಂದಲೇ ಹೇಳುತ್ತಿದ್ದವಳು. ಮೂರು ತಿಂಗಳ ಹಿಂದೆ ನ್ಯುಮೋನಿಯಾ ಜೋರಾಗಿ ಹದಿನೆಂಟು ದಿನ ಐಸಿಯುನಲ್ಲಿದ್ದು ಬಂದಿದ್ದಳು. ಈಗ ಮೈಯಲ್ಲಿ ಬಲವಿತ್ತು. ಆದರೆ ನಡುವೆ ಯಾರಾದರೂ ಮಾತಾಡಿಸಿದರೆ ಸಾಕು, ಹಿಡಿದ ಕೆಲಸ ತಲೆಯಿಂದ ಜಾರಿಬಿಡುತ್ತಿತ್ತು. ಅಳತೆ ಚೀಟಿ ಕೈಯಲ್ಲಿ ಹಿಡಿದುಕೊಂಡೇ ಮನೆಯೆಲ್ಲ ಚೀಟಿ ಹುಡುಕುತ್ತಿದ್ದಳು.

“ಸಾಕಮ್ಮಾ, ಜೀವ ಉಳೀತಲ್ಲ,” ಎಂದರು ಮಾವ, ಬೈಯದೆ. “ಈ ಮಿಷನ್ನು ನನ್ನ ತಂಗಿ ಮಗಳಿಗೆ ಕೊಟ್ಟುಬಿಡೋಣ. ಇನ್ನೆರಡು ತಿಂಗಳಿಗೆ ಬರ್ತಾಳೆ, ಒಯ್ಯಲಿ. ನೀನು ಆರಾಮಾಗಿರು.”

ಟೈಲರಕ್ಕ ಮಿಷನ್ನಿನ ಮೇಲಿನ ಹೊದಿಕೆಯನ್ನು ಎಳೆದು ಸರಿಮಾಡಿದಳು, ಮಲಗಿದ ಮಗುವಿಗೆ ಹೊದಿಸುವ ಹಾಗೆ.

ಅಷ್ಟರಲ್ಲಿ ಪಕ್ಕದ ಮನೆಯ ನರ್ಸು ಬಂದಳು.

“ಏನು ಯಜಮಾನ್ರೇ, ಹೊಸ ಫ್ಯಾಷನ್ನಾ?”

“ನಗಬೇಡ ಸಿಸ್ಟರಮ್ಮಾ. ನನ್ನ ಸೊಸೆ ನೆನಪನ್ನ ಆ ಕಾಯಿಲೆ ಹೊತ್ಕೊಂಡು ಹೋಯ್ತು.”

“ಹೊತ್ಕೊಂಡು ಹೋಗಿಲ್ಲ, ಮಂಕಾಗಿದೆ ಅಷ್ಟೆ. ಐಸಿಯುನಿಂದ ಬಂದ ಎಷ್ಟೋ ಜನಕ್ಕೆ ಹೀಗಾಗುತ್ತೆ. ಮರೆವು, ಗಮನ ನಿಲ್ಲದೇ ಇರೋದು, ಸುಮ್ಸುಮ್ನೆ ಹೆದರಿಕೆ. ಇದು ಹುಚ್ಚಲ್ಲ, ಸೋಮಾರಿತನಾನೂ ಅಲ್ಲ. ಕಾಲು ಮುರಿದವರಿಗೆ ನಡೆಯೋ ಅಭ್ಯಾಸ ಮಾಡಿಸಲ್ವಾ? ಮೆದುಳಿಗೂ ಹಾಗೇನೇ. ನಮ್ಮ ಆಸ್ಪತ್ರೇಲಿ ವಿಆರ್ ಕನ್ನಡಕ ಹಾಕಿ ಮಾಡಿಸ್ತಾರೆ.”

“ಅದು ಮಕ್ಕಳಾಡೋ ಗೇಮು!”

“ಹಾಗಾದ್ರೆ ನೀವೂ ಬನ್ನಿ. ಆಡಿ ಗೆದ್ದು ತೋರಿಸಿ.”

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಟೈಲರಕ್ಕನನ್ನು ಪರೀಕ್ಷೆ ಮಾಡಿ, ಅಭ್ಯಾಸ ಮಾಡಬಹುದು ಎಂದರು. ಥೆರಪಿ ಕೋಣೆಯಲ್ಲಿ ಒಂದು ಕುರ್ಚಿ, ಗೋಡೆಗೊಂದು ಟಿವಿ ಪರದೆ. ಥೆರಪಿ ಮೇಡಂ ಡಬ್ಬಿಯಂಥ ಕನ್ನಡಕವನ್ನು ಅವಳ ಕಣ್ಣಿಗೆ ಕಟ್ಟಿ, ಎರಡು ಕೈಗೂ ಗುಂಡಿ ಒತ್ತುವ ಒಂದೊಂದು ಹಿಡಿ ಕೊಟ್ಟರು. ಕೋಣೆ ಮಾಯ! ಏಳು ಸಮುದ್ರದಾಚೆಯ ಪೇಟೆಯಲ್ಲಿ ಇಳಿದಂತಾಯಿತು. ಎದುರಿಗೊಂದು ಅಂಗಡಿ, ನಗುವ ಅಂಗಡಿಯವನು, ಎತ್ತರದ ಕಪಾಟು. ಐದು ಸಾಮಾನು ನೆನಪಿಟ್ಟುಕೊಂಡು ಆರಿಸಬೇಕು. ನಡುವೆ ಫೋನು ಬಡಿದುಕೊಳ್ಳುತ್ತದೆ, ಯಾರೋ ದಾರಿ ಕೇಳುತ್ತಾರೆ.

ಮೊದಲ ದಿನ ಸಿಕ್ಕಿದ್ದು ಎರಡೇ. ಸೋಪಿನ ಬದಲು ಪೊರಕೆ ಎತ್ತಿದಳು.

ಪರದೆಯಲ್ಲಿ ನೋಡುತ್ತಿದ್ದ ಮಾವ, “ಬಿಡಿ, ಮನೇಲಿ ಪೊರಕೇನೂ ಸವೆದಿತ್ತು” ಎಂದು ನಕ್ಕರು. “ಎಲ್ಲಿ, ನನಗೆ ಕೊಡಿ.”

ಕನ್ನಡಕ ಹಾಕಿದ್ದೇ ತಡ, ಅಂಗಡಿಯವನ ಹತ್ತಿರ ಚೌಕಾಸಿಗೆ ಇಳಿದರು. “ಏನಪ್ಪಾ, ಸಕ್ಕರೆ ಇಷ್ಟೊಂದು ರೇಟಾ?” ಎನ್ನುತ್ತ, ಇಲ್ಲದ ಕಟ್ಟೆಯ ಮೇಲೆ ಮೊಣಕೈ ಊರಲು ಹೋದರು. ಮೇಡಂ ಹಿಡಿದುಕೊಳ್ಳದಿದ್ದರೆ ಕುರ್ಚಿಯಿಂದ ಜಾರುತ್ತಿದ್ದರು.

“ಐದು ಸಾಮಾನು ತಂದ್ರಾ?” ಎಂದರು ಮೇಡಂ.

“ಯಾವ ಐದು?”

ಟೈಲರಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ಮಾವ ಕನ್ನಡಕ ಕೈಯಲ್ಲಿ ಹಿಡಿದು ಅವಳನ್ನೇ ನೋಡಿದರು. “ಆಟ ಅಂದ್ಕೊಂಡಿದ್ದೆ. ಕಷ್ಟ ಇದೆ ಕಣಮ್ಮಾ ಇದು,” ಎಂದರು.

“ಇದೇನೂ ಮಂತ್ರದಂಡ ಅಲ್ಲ,” ಎಂದು ಮೇಡಂ ಮೊದಲೇ ಹೇಳಿದರು. “ಎಲ್ಲರಿಗೂ ಒಂದೇ ಥರ ಗುಣ ಕಾಣೋದೂ ಇಲ್ಲ. ಕೂತೇ ಮಾಡಬೇಕು, ಸ್ವಲ್ಪ ಹೊತ್ತೇ ಮಾಡಬೇಕು. ತಲೆ ಸುತ್ತಿದ್ರೆ ತಕ್ಷಣ ಹೇಳಿ. ಮನೇಲಿ ಒಂದು ಸಲಕ್ಕೆ ಒಂದೇ ಕೆಲಸ, ಚೆನ್ನಾಗಿ ನಿದ್ದೆ, ಸಂಜೆ ನಡಿಗೆ.”

ವಾರಕ್ಕೆ ಮೂರು ದಿನ ಹೋದರು. ಒಂದು ದಿನ ತಲೆ ಸುತ್ತಿತು, ಅರ್ಧಕ್ಕೆ ನಿಲ್ಲಿಸಿದರು. ಇನ್ನೊಂದು ದಿನ ನಾಲ್ಕು ಸಾಮಾನು ಸಿಕ್ಕಿತು, ಮುಂದಿನ ಸಲ ಮತ್ತೆ ಮೂರಕ್ಕೆ ಇಳಿಯಿತು. ದಾರಿಯಲ್ಲಿ ಮಾವ ಅಂಗಡಿಗಳ ಬೋರ್ಡು ಓದಿಸಿ, ಮನೆಗೆ ಬಂದ ಮೇಲೆ ಒಂದೊಂದಾಗಿ ಕೇಳುತ್ತಿದ್ದರು. ಎಂಟನೇ ವಾರ, ಫೋನು ಎಷ್ಟು ಬಡಿದುಕೊಂಡರೂ ಟೈಲರಕ್ಕ ಐದಕ್ಕೆ ಐದೂ ತಂದಳು.

ಮಾರನೇ ಬೆಳಿಗ್ಗೆ ಮಿಷನ್ನಿನ ಹೊದಿಕೆ ತೆಗೆದಳು. ನೀಲಿ ಅಂಗಿಯ ಬಲಗಡೆಯ ತೋಳು ಬಿಚ್ಚಿ, ಉಳಿದಿದ್ದ ಬಟ್ಟೆಯಲ್ಲಿ ಹೊಸ ತೋಳಿಗೆ ಗುರುತು ಹಾಕಿದಳು. ಮಾವ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು. ಪರೀಕ್ಷೆ ಮಾಡುವ ಆಸೆ ತಡೆಯಲಾಗಲಿಲ್ಲ.

“ನನ್ನ ಮಾತ್ರೆ ಎಲ್ಲಮ್ಮಾ?”

“ಗೂಡಲ್ಲಿ, ಬಾಚಣಿಗೆ ಪಕ್ಕ.” ಕತ್ತರಿ ನಿಲ್ಲಲಿಲ್ಲ.

“ಪೇಪರು?”

“ಅದರ ಮೇಲೇ ಕೂತಿದ್ದೀರಿ.” ಮಿಷನ್ನು ಓಡುತ್ತಲೇ ಇತ್ತು.

“ಮತ್ತೆ… ಇವತ್ತು ಯಾರೋ ಬರ್ತಾರೆ ಅಂದಿದ್ನಲ್ಲ, ಯಾರದು?”

ಟೈಲರಕ್ಕ ಕೊನೆಯ ಹೊಲಿಗೆ ಮುಗಿಸಿ, ದಾರ ಕತ್ತರಿಸಿ, ತಲೆ ಎತ್ತಿದಳು. “ನಿಮ್ಮ ತಂಗಿ ಮಗಳು. ಮಿಷನ್ ಒಯ್ಯೋಕೆ. ಅದೊಂದನ್ನ ನಾನು ಒಂದು ದಿನಾನೂ ಮರೆತಿಲ್ಲ ಮಾವ.”

ಮಾವ ಅಂಗಿ ತೊಟ್ಟರು. ಬಲಗೈ ಇಳಿಯಿತು. ಗುಂಡಿ ಇರಬೇಕಾದಲ್ಲೇ ಇತ್ತು. ಫೋನು ಎತ್ತಿಕೊಂಡರು.

“ಮಗಾ, ಹೊರಟ್ಯಾ? ಬಾ ಬಾ. ಮಿಷನ್ನಿಗಲ್ಲ, ಅಳತೆ ಕೊಡೋಕೆ ಬಾ. ತೋಳು ಎರಡೂ ಸರಿಯಾಗಿರುತ್ತೆ, ನಾನು ಗ್ಯಾರಂಟಿ!”

ಬಿಚ್ಚಿದ ಎಡತೋಳನ್ನು ಟೈಲರಕ್ಕ ಎಸೆಯಲಿಲ್ಲ. ಅದರಲ್ಲಿ ಕತ್ತರಿಗೊಂದು ಚೀಲ ಹೊಲಿದು ಗೋಡೆಗೆ ನೇತುಹಾಕಿದಳು. ಯಾರಾದರೂ ಕೇಳಿದರೆ ಇಡೀ ಕಥೆ ಹೇಳುತ್ತಾಳೆ.

ನಿಮ್ಮ ಮನೆಯಲ್ಲೂ ಐಸಿಯುನಿಂದ ಬಂದವರು ಇದ್ದಾರೆಯೇ? ಅವರು ಮರೆತರೆ ಗದರಬೇಡಿ, ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ. ಡಾಕ್ಟರಿಗೆ ತಿಳಿಸಿ, ಮೆದುಳಿಗೂ ಅಭ್ಯಾಸ ಇದೆಯೇ ಎಂದು ಕೇಳಿ. ವಿಆರ್ ಕನ್ನಡಕ ಇಲ್ಲದ ಕಡೆ ಚಿತ್ರ, ಕಾಗದ, ಮಾತುಗಳಿಂದ ಮಾಡಿಸುವ ಅಭ್ಯಾಸಗಳೂ ಇರುತ್ತವೆ. ಜೀವ ಉಳಿದು ಮನೆಗೆ ಬಂದವರು ತಮ್ಮ ಕೆಲಸಕ್ಕೂ ಮರಳಿ ಬರಲಿ. ನೀವು ಒಂದು ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತುಕೊಳ್ಳಿ.